ಗುಳಿಗೆ ನುಂಗಿದ ಮಾತ್ರಕ್ಕೆ ನೌಕರಿ ತಪ್ಪಬೇಕೇ?

ಈ ಅಂಕಣದಲ್ಲಿ ತೊಗರಿಯ ನೆಟೆರೋಗ, ದನಗಳ ಕಾಲುಬಾಯಿ ಬೇನೆ, ಹಾವು ಕಡಿದಾಗ ಮಾಡಬೇಕಾದ ಉಪಚಾರ ಇಂಥ ವಿಷಯಗಳನ್ನು ಓದುವುದು ನಮ್ಮ ಓದುಗರಿಗೆ ರೂಢಿ. ಈ ಸಲದ ವಿಷಯ ಆರೋಗ್ಯಕ್ಕೂ ಸೇರಿದ್ದು, ನ್ಯಾಯಕ್ಕೂ ಸೇರಿದ್ದು. ಹೊಲದ ಮನೆಗಳಿಂದ ಓದಿ ಹೊರಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಸಂಬಂಧಿಸಿದ ವಿಷಯವಾದ್ದರಿಂದ ಇದನ್ನು ಕೃಷಿಯ ಪುಟದಲ್ಲಿಯೇ ಬರೆಯುವುದು ತಕ್ಕದ್ದೆಂದು ನಾವು ಭಾವಿಸುತ್ತೇವೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಅನೇಕ ಒಕ್ಕಲು ಮನೆಗಳಲ್ಲಿ ಇಂದು ಒಂದೇ ಲೆಕ್ಕಾಚಾರ. ಮಳೆಯನ್ನು ನಂಬುವಂತಿಲ್ಲ, ಕಬ್ಬಿನ ಹಣ ಹೊತ್ತಿಗೆ ಬರುವುದಿಲ್ಲ, ತೊಗರಿಯ ದರ ಇಂದು ಇದ್ದಂತೆ ನಾಳೆ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಬ್ಬರಾದರೂ ತಿಂಗಳ ಸಂಬಳ ತರುವವರಿರಬೇಕು. ಮಗಳು ಚುರುಕಾಗಿದ್ದರೆ ನರ್ಸಿಂಗ್ ಓದಿಸುತ್ತಾರೆ. ಮೂರು ವರ್ಷದ ಜಿಎನ್‌ಎಂ, ಇಲ್ಲವೆ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಅದಕ್ಕಾಗಿ ಎಮ್ಮೆ ಮಾರಿದವರಿದ್ದಾರೆ, ಹೊಲ ಅಡವಿಟ್ಟವರಿದ್ದಾರೆ, ಸಂಘದಲ್ಲಿ ಸಾಲ ಎತ್ತಿದವರಿದ್ದಾರೆ. ಆ ಮಗಳಿಗೆ ಸಿಗುವ ನೌಕರಿ ಒಬ್ಬಳ ನೌಕರಿಯಲ್ಲ, ಇಡೀ ಮನೆಯ ಬೇಸಾಯಕ್ಕೆ ಬೆನ್ನೆಲುಬು.

ನಮ್ಮ ಮಕ್ಕಳಿಗೆ ಇನ್ನೊಂದು ಗುಣವೂ ಇದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಬದಲಾಯಿತು, ಎಷ್ಟೋ ಮನೆಗಳಲ್ಲಿ ಮನೆಮಾತು ಬದಲಾಗಲಿಲ್ಲ. ಕನ್ನಡ, ತೆಲುಗು, ಉರ್ದು, ಕೆಲವು ಕಡೆ ಮರಾಠಿಯೂ ಆಡಬಲ್ಲ ಹುಡುಗಿ ವಾರ್ಡಿನಲ್ಲಿ ನಿಂತರೆ, ಭಾಷೆ ತಿಳಿಯದೆ ಕಂಗಾಲಾದ ಮುದುಕಿಯೊಬ್ಬಳಿಗೆ ಅದೇ ಅರ್ಧ ಔಷಧ. ಇಂಥ ಮಕ್ಕಳು ದವಾಖಾನೆಗಳಿಗೆ ಬೇಕು. ಹೀಗಿದ್ದೂ ಕೆಲವರ ಹೆಸರಿನ ಮುಂದೆ ಸದ್ದಿಲ್ಲದೆ ಅಡ್ಡಗೆರೆ ಬೀಳುತ್ತದೆಯೆಂಬ ಸಂಶಯ ನಮ್ಮನ್ನು ಕಾಡುತ್ತಿದೆ.

ಹೆಸರು ಬೇಡ, ಊರು ಬೇಡ. ಒಬ್ಬ ಮಗಳ ವಿಷಯವೆಂದು ಇಟ್ಟುಕೊಳ್ಳೋಣ. ಓದಿನ ಕೊನೆಯ ವರ್ಷದಲ್ಲಿ ಅವಳಿಗೆ ನಿದ್ದೆ ಹೋಯಿತು, ಊಟ ಸೇರದಾಯಿತು, ಪುಸ್ತಕ ಹಿಡಿದರೆ ಕಣ್ಣೀರು. ವೈದ್ಯರು ನೋಡಿ ಖಿನ್ನತೆ ಎಂದರು, ಗುಳಿಗೆ ಬರೆದುಕೊಟ್ಟರು. ಕೆಲವು ತಿಂಗಳಲ್ಲಿ ಸುಧಾರಿಸಿದಳು, ಪರೀಕ್ಷೆ ಪಾಸಾದಳು, ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಂಡಳು. ಪಟ್ಟಣದ ಒಂದು ಖಾಸಗಿ ದವಾಖಾನೆಯಲ್ಲಿ ಸಂದರ್ಶನ ಚೆನ್ನಾಗಿ ಆಯಿತು. ಒಂದನೇ ತಾರೀಖಿಗೆ ಬನ್ನಿ ಎಂದರು. ಆಮೇಲೆ ಆರೋಗ್ಯದ ವಿವರ ಕೇಳುವ ಒಂದು ಕಾಗದ ಕೊಟ್ಟರು. ಈಗ ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂಬ ಸಾಲಿನಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಳು. ಎರಡು ದಿನ ಬಿಟ್ಟು ಫೋನು ಬಂತು: ಜಾಗ ತುಂಬಿದೆ. ಮುಂದಿನ ವಾರ ಅದೇ ಜಾಗಕ್ಕೆ ಮತ್ತೆ ಜಾಹೀರಾತು ಬಂತು.

ನಿಮ್ಮ ಕಾಯಿಲೆಯಿಂದಾಗಿ ನೌಕರಿ ಇಲ್ಲವೆಂದು ಯಾರೂ ಹೇಳಲಿಲ್ಲ, ಯಾರೂ ಬರೆದೂ ಕೊಡಲಿಲ್ಲ. ಇಂಥ ಅನ್ಯಾಯದ ಲಕ್ಷಣವೇ ಅದು. ಜಾತಿಯ ಹೆಸರಿನಲ್ಲಿ ಬಾವಿಯಿಂದ ದೂರವಿಟ್ಟಾಗ ಕಣ್ಣಿಗೆ ಕಾಣುತ್ತಿತ್ತು, ಇದು ಕಾಣುವುದಿಲ್ಲ. ನಾವು ನ್ಯಾಯವಾಗಿಯೇ ಮಾತನಾಡಬೇಕು: ಬೇರೆ ಕಾರಣವೂ ಇದ್ದೀತು. ಹೆಚ್ಚು ಅನುಭವವುಳ್ಳವರು ಬಂದಿರಬಹುದು, ಸಂಬಳದ ಲೆಕ್ಕ ಕೂಡಿರಲಿಕ್ಕಿಲ್ಲ. ಸಂಶಯವೇ ಸಾಕ್ಷಿಯಲ್ಲ. ಆದರೆ ಆಯ್ಕೆಯಾದ ಮೇಲೆ ಕಾಗದ, ಕಾಗದ ಆದ ಮೇಲೆ ನಿರಾಕರಣೆ, ನಿರಾಕರಣೆ ಆದ ಮೇಲೆ ಅದೇ ಜಾಗಕ್ಕೆ ಮತ್ತೆ ಕರೆ, ಹೀಗೆ ಒಂದರ ಹಿಂದೆ ಒಂದು ನಡೆದಾಗ ಕಾರಣ ಕೇಳುವ ಹಕ್ಕು ಆ ಮಗಳಿಗೆ ಇದ್ದೇ ಇದೆ.

ಮನಸ್ಸಿನ ಬೇನೆಯೂ ಬೇನೆಯೇ

ಮೊದಲು ನಮ್ಮ ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳೋಣ. ನಮ್ಮ ಕಡೆ ಎರ್ರಗಡ್ಡ, ಧಾರವಾಡ ಎಂಬ ಊರ ಹೆಸರುಗಳೇ ಬೈಗುಳಗಳಾಗಿವೆ. ಹೈದರಾಬಾದಿನ ಎರ್ರಗಡ್ಡದಲ್ಲಿಯೂ ಧಾರವಾಡದಲ್ಲಿಯೂ ಮಾನಸಿಕ ಚಿಕಿತ್ಸೆಯ ಸರ್ಕಾರಿ ಸಂಸ್ಥೆಗಳಿವೆ ಎಂಬುದೊಂದೇ ಅದಕ್ಕೆ ಕಾರಣ. ಕಣ್ಣಿನ ದವಾಖಾನೆ ಇರುವ ಊರನ್ನು ಯಾರೂ ಬೈಗುಳ ಮಾಡಿಲ್ಲ. ಮಾನಸಿಕ ಬೇನೆಗಳೆಲ್ಲ ಒಂದೇ ಎಂದು ತಿಳಿಯುವುದೂ ತಪ್ಪು. ಖಿನ್ನತೆ ಬೇರೆ, ಆತಂಕದ ಬೇನೆ ಬೇರೆ, ಮನಸ್ಸು ಒಮ್ಮೆ ವಿಪರೀತ ಉಬ್ಬಿ ಒಮ್ಮೆ ಕುಸಿಯುವ ಬೈಪೋಲಾರ್ ಬೇರೆ, ಸ್ಕಿಜೋಫ್ರೇನಿಯಾ ಬೇರೆ. ಮೂರ್ಛೆರೋಗವಂತೂ ಮಾನಸಿಕ ರೋಗವೇ ಅಲ್ಲ, ಅದು ಮಿದುಳಿನ ನರಗಳಿಗೆ ಸಂಬಂಧಿಸಿದ್ದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅಂದರೆ ಹತ್ತು ಮಂದಿ ಕುಳಿತ ಬೆಂಚಿನಲ್ಲಿ ಒಬ್ಬರು. ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳಿತು: ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹೀಗಿರುವಾಗ ಚಿಕಿತ್ಸೆ ಪಡೆದು ಗುಣವಾದವಳು ಧೈರ್ಯಶಾಲಿ ಮಾತ್ರವಲ್ಲ, ಬುದ್ಧಿವಂತೆಯೂ ಹೌದು. ಅವಳನ್ನು ಹೊರಗಿಟ್ಟು, ಬೇನೆಯನ್ನು ಎದೆಯಲ್ಲಿಯೇ ಹೂತಿಟ್ಟುಕೊಂಡವರನ್ನು ಒಳಗೆ ಬಿಡುವ ಪದ್ಧತಿ ಯಾರಿಗೆ ಲಾಭ ತರುತ್ತದೆ?

ಔಷಧದ ಬಗ್ಗೆಯೂ ಎರಡು ಮಾತು. ಖಿನ್ನತೆಯ ಗುಳಿಗೆಗಳು ಜ್ವರದ ಗುಳಿಗೆಯಂತೆ ಅಂದೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಕೆಲವು ವಾರಗಳು ಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳಾದರೂ ಮುಂದುವರಿಸಬೇಕೆಂಬುದು ವೈದ್ಯಶಾಸ್ತ್ರದ ಸಾಮಾನ್ಯ ನಿಯಮ. ಬೈಪೋಲಾರ್ ಇದ್ದವರಿಗೆ ಕೊಡುವ ಲಿಥಿಯಂ ಎಂಬ ಔಷಧಕ್ಕೆ ಆಗಾಗ ರಕ್ತಪರೀಕ್ಷೆ ಬೇಕು, ಮೂತ್ರಪಿಂಡ ಮತ್ತು ಥೈರಾಯ್ಡ್ ನೋಡಿಸಿಕೊಳ್ಳಬೇಕು. ಹೀಗೆ ನಿಯಮವಾಗಿ ನಡೆದುಕೊಂಡವರು ಪಾಠ ಮಾಡುತ್ತಾರೆ, ವ್ಯಾಪಾರ ಮಾಡುತ್ತಾರೆ, ಬೇಸಾಯ ಮಾಡುತ್ತಾರೆ, ದವಾಖಾನೆಯಲ್ಲಿ ದುಡಿಯುತ್ತಾರೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಂಡು ಕೆಲಸಕ್ಕೆ ಬಂದಂತೆಯೇ ಇದು.

ದವಾಖಾನೆಯವರ ಮಾತಿನಲ್ಲಿಯೂ ಹುರುಳಿದೆ

ದವಾಖಾನೆಯ ಆಡಳಿತದವರು ಒಂದು ಮಾತು ಹೇಳುತ್ತಾರೆ: ರೋಗಿಯ ಪ್ರಾಣ ನಮ್ಮ ಕೈಯಲ್ಲಿದೆ. ರಾತ್ರಿ ಎರಡು ಗಂಟೆಗೆ ಔಷಧದ ಪ್ರಮಾಣ ತಪ್ಪಿದರೆ ಹೊಣೆ ಯಾರು? ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಹಾಸಿಗೆಯಲ್ಲಿ ಮಲಗಿದವರೂ ನಮ್ಮವರೇ. ದಾದಿಯ ಕೆಲಸಕ್ಕೆ ಬೇಕಾದ ಎಚ್ಚರ, ತಾಳ್ಮೆ, ದೇಹಬಲ ಇದೆಯೇ ಎಂದು ನೋಡುವುದು ದವಾಖಾನೆಯ ಕರ್ತವ್ಯ. ಒಬ್ಬರು ಆ ಹೊತ್ತಿನಲ್ಲಿ ನಿಜವಾಗಿಯೂ ಕೆಲಸ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಬೇಡವೆನ್ನುವುದು ತಾರತಮ್ಯವಲ್ಲ.

ಆದರೆ ಈ ಭಯವನ್ನು ಬಿಗಿಯಾಗಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಕಥೆ ಪಾಠವಾಗಬಲ್ಲದು. 1991ರಲ್ಲಿ ಅಲ್ಲಿನ ಗ್ರಾಂಥಮ್ ಎಂಬ ಊರಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಬೆವರ್ಲಿ ಆಲಿಟ್ ಎಂಬ ದಾದಿ ನಾಲ್ಕು ಮಕ್ಕಳನ್ನು ಕೊಂದಳು, ಇನ್ನೂ ಹಲವು ಮಕ್ಕಳಿಗೆ ಅಪಾಯ ಮಾಡಿದಳು. 1993ರಲ್ಲಿ ಅವಳಿಗೆ ಜೀವಾವಧಿ ಶಿಕ್ಷೆಯಾಯಿತು. ದೇಶವೇ ನಡುಗಿತು. 1994ರಲ್ಲಿ ಬಂದ ಕ್ಲಾಥಿಯರ್ ವಿಚಾರಣಾ ವರದಿ, ತೀವ್ರ ವ್ಯಕ್ತಿತ್ವ ದೋಷ ಕಂಡುಬಂದವರನ್ನು ದಾದಿಯರಾಗಿ ತೆಗೆದುಕೊಳ್ಳಬಾರದೆಂದಿತು. ಜೊತೆಗೆ ಸಮಾಲೋಚನೆ, ಚಿಕಿತ್ಸೆಗಳ ನೆರವನ್ನು ವಿಪರೀತ ಪಡೆದವರು ಎರಡು ವರ್ಷ ಯಾರ ನೆರವೂ ಇಲ್ಲದೆ ಬದುಕಿ ತೋರಿಸುವ ತನಕ ತರಬೇತಿಗೆ ಬೇಡ ಎಂಬ ವಿಚಾರವೂ ಹರಡಿತು.

ಒಬ್ಬಳ ಘೋರ ಅಪರಾಧದ ನೆರಳು ಹೀಗೆ ಸಾವಿರಾರು ನಿರಪರಾಧಿಗಳ ಮೇಲೆ ಬಿತ್ತು. ಸಹಾಯ ಕೇಳಿದ್ದೇ ಅನರ್ಹತೆಯಾಯಿತು. ಮುಂದೆ ಅದೇ ದೇಶದ ವಿಕಲಚೇತನರ ಹಕ್ಕುಗಳ ಆಯೋಗ ದಾದಿಯರು, ಶಿಕ್ಷಕರು, ಸಮಾಜಸೇವಕರ ನೇಮಕದಲ್ಲಿದ್ದ ಆರೋಗ್ಯದ ಷರತ್ತುಗಳನ್ನು ತನಿಖೆ ಮಾಡಿ 2007ರಲ್ಲಿ ವರದಿ ಕೊಟ್ಟಿತು. ಇಂಥ ಸಾರಾಸಗಟು ಷರತ್ತುಗಳಿಂದ ಜನರಿಗೆ ರಕ್ಷಣೆ ಸಿಗುವುದಿಲ್ಲ, ಜನ ಕಾಯಿಲೆಯನ್ನು ಮುಚ್ಚಿಡಲು ಕಲಿಯುತ್ತಾರೆ, ಆದ್ದರಿಂದ ಅವನ್ನು ತೆಗೆದುಹಾಕಿ ಎಂಬುದು ಅದರ ಸಾರ. 2010ರ ಸಮಾನತೆಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ ಕೆಲಸಕ್ಕೆ ಅತ್ಯಗತ್ಯವಾದ ಕೆಲವು ಸಂಗತಿಗಳನ್ನು ಬಿಟ್ಟರೆ, ನೌಕರಿ ಕೊಡುತ್ತೇವೆಂದು ಹೇಳುವ ಮೊದಲು ಆರೋಗ್ಯದ ಪ್ರಶ್ನೆ ಕೇಳಬಾರದೆಂದು ಅಲ್ಲಿ ಕಟ್ಟುಮಾಡಿದರು. ಹೀಗೆ ಮಾಡಿದರೆ ಮೊದಲು ಯೋಗ್ಯತೆಯ ತೀರ್ಮಾನ, ಆಮೇಲೆ ಆರೋಗ್ಯದ ಮಾತು. ಆರೋಗ್ಯದ ಕಾಗದ ನೋಡಿ ಹಿಂದೆ ಸರಿದರೆ ಕಾರಣ ತಾನಾಗಿಯೇ ಬಯಲಾಗುತ್ತದೆ.

ನಮ್ಮ ದೇಶದ ಕಾನೂನು

ನಮ್ಮಲ್ಲಿ ಏನಿದೆ? ಕೇಂದ್ರ ಸೇವೆಗಳಿಗೆ ಆಯ್ಕೆಯಾದವರ ವೈದ್ಯಕೀಯ ತಪಾಸಣೆಗೆ ಬಹುಕಾಲ ಬಳಸಿದ ನಮೂನೆಯೊಂದರಲ್ಲಿ, ಅತಿಯಾದ ಕೆಲಸದಿಂದಲೋ ಬೇರೆ ಕಾರಣದಿಂದಲೋ ನಿಮಗೆ ಮನಸ್ಸಿನ ದೌರ್ಬಲ್ಯ ಬಂದಿತ್ತೇ ಎಂದು ಕೇಳುತ್ತಿದ್ದರು. ಹತ್ತಿರದ ಬಂಧುಗಳಲ್ಲಿ ಕ್ಷಯ, ಮೂರ್ಛೆ, ಹುಚ್ಚು ಇದ್ದವೇ ಎಂದೂ ಕೇಳುತ್ತಿದ್ದರು. ಅಜ್ಜನ ಬೇನೆಗೆ ಮೊಮ್ಮಗಳು ಉತ್ತರ ಕೊಡಬೇಕಾದ ಕಾಲ ಅದು. ಕಾನೂನು ಆ ಕಾಲವನ್ನು ದಾಟಿ ಬಂದಿದೆ, ಮನಸ್ಸುಗಳು ಇನ್ನೂ ದಾಟಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸರ್ಕಾರಿ ಸಂಸ್ಥೆಗಳು ನೌಕರಿಯ ಯಾವ ವಿಷಯದಲ್ಲಿಯೂ ತಾರತಮ್ಯ ಮಾಡಬಾರದೆಂದು ಅದರ 20ನೇ ಕಲಮು ಹೇಳುತ್ತದೆ. ಖಾಸಗಿ ಸಂಸ್ಥೆಗಳೂ ಸೇರಿ ಎಲ್ಲರೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು 21ನೇ ಕಲಮು ಹೇಳುತ್ತದೆ. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂತು. ಹಿಂದೆ ಚಿಕಿತ್ಸೆ ಪಡೆದಿದ್ದರೆಂಬ ಒಂದೇ ಕಾರಣಕ್ಕೆ ಇಂದೂ ರೋಗಿಯೆಂದು ತೀರ್ಮಾನಿಸಬಾರದೆಂದು ಅದು ಹೇಳುತ್ತದೆ. ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬ ಹಕ್ಕನ್ನೂ ಕೊಡುತ್ತದೆ.

ನ್ಯಾಯಾಲಯಗಳೂ ಮಾತನಾಡಿವೆ. ಇವು ದಾದಿಯರ ಮೊಕದ್ದಮೆಗಳಲ್ಲವಾದರೂ ತತ್ವ ಒಂದೇ. ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರಿಗೆ ಗೀಳಿನ ಬೇನೆ ಮತ್ತು ಖಿನ್ನತೆ ಇದ್ದವು. ಅವರ ಮೇಲೆ ಇಲಾಖೆ ಶಿಸ್ತುಕ್ರಮ ಹೂಡಿತು. ರವೀಂದರ್ ಕುಮಾರ್ ಧಾರಿವಾಲ್ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2021ರ ಡಿಸೆಂಬರ್ 17ರಂದು ತೀರ್ಪು ಕೊಟ್ಟಿತು. ವರ್ತನೆಗೆ ಕಾರಣವಾದ ಸಂಗತಿಗಳಲ್ಲಿ ಮಾನಸಿಕ ಬೇನೆಯೂ ಒಂದಾಗಿದ್ದರೆ ಸಾಕು, ಅಂಥವರ ಮೇಲೆ ಶಿಸ್ತುಕ್ರಮ ಹೂಡುವುದು ಪರೋಕ್ಷ ತಾರತಮ್ಯವಾಗುತ್ತದೆಂದು ಹೇಳಿ ಆ ಕ್ರಮವನ್ನು ರದ್ದುಮಾಡಿತು. ಈಗಿನ ಹುದ್ದೆಗೆ ಅವರು ತಕ್ಕವರಲ್ಲವೆಂದು ಕಂಡರೆ ಸಂಬಳ, ಸೇವಾ ಷರತ್ತುಗಳನ್ನು ಕಾಪಾಡಿ ಬೇರೆ ಹುದ್ದೆ ಕೊಡಬೇಕು, ಬಂದೂಕಿನಂಥ ಅಪಾಯಕಾರಿ ಉಪಕರಣ ಕೈಗೆ ಬರದ ಹುದ್ದೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲಾಖೆಗೆ ಇದೆ ಎಂದೂ ಹೇಳಿತು. ಇದರ ವಿವೇಕವನ್ನು ನೋಡಿರಿ. ಬಂದೂಕು ಹಿಡಿಯುವ ಪಡೆಯಲ್ಲಿಯೂ ಸುರಕ್ಷತೆಗೆ ದಾರಿ ಇದೆ. ಆ ದಾರಿ ತಕ್ಕ ಜಾಗ ಕೊಡುವುದು, ಹೊರಗೆ ದಬ್ಬುವುದಲ್ಲ.

ಇನ್ನೊಂದು ಪ್ರಕರಣ ದೆಹಲಿಯದು. ಬೈಪೋಲಾರ್ ಬೇನೆಯಿದ್ದ ಅಭ್ಯರ್ಥಿಯೊಬ್ಬರು ನ್ಯಾಯಾಧೀಶರ ನೇಮಕದ ಪರೀಕ್ಷೆಯಲ್ಲಿ ವಿಕಲಚೇತನರ ವರ್ಗದಿಂದ ಪಾಸಾದರೂ ಆಡಳಿತ ಅವರನ್ನು ತೆಗೆದುಕೊಳ್ಳಲಿಲ್ಲ. ಬೇನೆ ಶಾಶ್ವತವಾದುದಲ್ಲವೆಂಬುದು ಅದರ ತಕರಾರು. 2020ರಲ್ಲಿ ದೆಹಲಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು, 2021ರಲ್ಲಿ ಸುಪ್ರೀಂ ಕೋರ್ಟು ಅವರ ನೇಮಕಕ್ಕೆ ದಾರಿ ಮಾಡಿತು. ಬೇರೆಯವರ ಬದುಕನ್ನು ತೀರ್ಮಾನಿಸುವ ಪೀಠದಲ್ಲಿ ಅಂಥವರು ಕೂರಬಹುದಾದರೆ, ರೋಗಿಯ ಹಾಸಿಗೆಯ ಪಕ್ಕ ನಿಲ್ಲಲು ಏನು ಅಡ್ಡಿ?

ಕಾನೂನಿನಲ್ಲಿ ಒಂದು ಕಂದಕ

ಇಷ್ಟೆಲ್ಲ ಇದ್ದರೂ ನಮ್ಮ ಮಗಳಿಗೆ ತೊಡಕೊಂದು ಉಳಿಯುತ್ತದೆ. ಇದನ್ನು ಓದುಗರು ಗಮನವಿಟ್ಟು ತಿಳಿಯಬೇಕು. ಮಾನಸಿಕ ಕಾಯಿಲೆಯೆಂದರೆ ತಿಳಿವು, ನಡತೆ, ದಿನದ ಕೆಲಸಗಳನ್ನು ಬಹಳವಾಗಿ ಕೆಡಿಸುವಷ್ಟು ತೀವ್ರವಾದದ್ದು ಎಂಬುದು ಕಾಯ್ದೆಯ ವ್ಯಾಖ್ಯೆ. ಮೀಸಲಾತಿಯಂಥ ಸವಲತ್ತುಗಳಿಗೆ ನೂರಕ್ಕೆ 40ರಷ್ಟು ವೈಕಲ್ಯವಿದೆಯೆಂಬ ಪ್ರಮಾಣಪತ್ರ ಬೇಕು. ಖಿನ್ನತೆ ಬಂದು ಗುಣವಾಗಿ ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳುವವಳಿಗೆ ಅಂಥ ಪ್ರಮಾಣಪತ್ರ ಸಿಗುವುದು ಕಷ್ಟ. ಹೀಗೆ ಅವಳು ಕಾನೂನಿನ ನೆರವು ಪಡೆಯುವಷ್ಟು ರೋಗಿಯಲ್ಲ, ನೌಕರಿ ಪಡೆಯುವಷ್ಟು ಆರೋಗ್ಯವಂತೆಯೂ ಅಲ್ಲ. ಎರಡು ಬದುಗಳ ನಡುವಿನ ಕಂದಕದಲ್ಲಿ ಬಿದ್ದಂತೆ ಅವಳ ಸ್ಥಿತಿ. ಇಂಗ್ಲೆಂಡಿನ ಕಾಯ್ದೆ ಹಿಂದೆ ಇದ್ದು ಈಗ ವಾಸಿಯಾದ ವೈಕಲ್ಯಕ್ಕೂ ರಕ್ಷಣೆ ಕೊಡುತ್ತದೆ. ಅಮೆರಿಕದ 1990ರ ಕಾಯ್ದೆ, ವೈಕಲ್ಯವಿದೆಯೆಂದು ಬೇರೆಯವರು ಬರೀ ಭಾವಿಸಿ ಹೊರಗಿಟ್ಟರೂ ರಕ್ಷಣೆ ಕೊಡುತ್ತದೆ. ಇಂಥ ಸ್ಪಷ್ಟವಾದ ಮಾತು ನಮ್ಮ ಕಾಯ್ದೆಗೂ ಬರಬೇಕು. ಮತ ಕೇಳಲು ಮನೆಗೆ ಬರುವವರ ಮುಂದೆ ರಸ್ತೆ, ಕೆರೆಯ ಜೊತೆಗೆ ಇದನ್ನೂ ಕೇಳಬಹುದು.

ನಿಜವಾದ ನಷ್ಟ ಮುಚ್ಚಿಡುವುದರಿಂದ

ನಮ್ಮ ಮುಖ್ಯ ಮಾತು ಇದು. ಕಾರಣ ಹೇಳದೆ ಒಬ್ಬಳನ್ನು ನಿರಾಕರಿಸಿದಾಗ ನಷ್ಟ ಅವಳೊಬ್ಬಳಿಗೆ ನಿಲ್ಲುವುದಿಲ್ಲ. ಅವಳ ಗೆಳತಿಯರು ಪಾಠ ಕಲಿಯುತ್ತಾರೆ: ಹೇಳಬಾರದು. ಮನೆಯ ಹಿರಿಯರು ಪಾಠ ಕಲಿಯುತ್ತಾರೆ: ವೈದ್ಯರ ಹತ್ತಿರ ಹೋಗಲೇಬಾರದು, ಹೋದರೆ ಕಾಗದ ಆಗುತ್ತದೆ, ಕಾಗದವಾದರೆ ನೌಕರಿಯೂ ಇಲ್ಲ, ಮದುವೆಯೂ ಇಲ್ಲ. ಸಂದರ್ಶನದ ತಿಂಗಳಿನಲ್ಲಿ ಗುಳಿಗೆ ನಿಲ್ಲಿಸಿಬಿಡುತ್ತಾರೆ. ಥಟ್ಟನೆ ನಿಲ್ಲಿಸಿದ ಔಷಧದಿಂದ ಬೇನೆ ಮರುಕಳಿಸುತ್ತದೆ, ಅದೂ ಹೊಸ ಊರಿನಲ್ಲಿ, ಹೊಸ ಕೆಲಸದಲ್ಲಿ, ರಾತ್ರಿ ಪಾಳಿಯ ನಡುವೆ. ಆಗ ಅಪಾಯಕ್ಕೆ ಸಿಕ್ಕುವವರು ದಾದಿಯೂ ಹೌದು, ರೋಗಿಯೂ ಹೌದು. ರೋಗಿಯ ಸುರಕ್ಷತೆಯ ಹೆಸರಿನಲ್ಲಿ ಹಾಕಿದ ಬೇಲಿಯೇ ರೋಗಿಗೆ ಮುಳ್ಳಾಗುತ್ತದೆ.

ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಕಂಡವನು ಊರಿಗೆ ಹೇಳಿದರೆ ಎಲ್ಲರೂ ಎಚ್ಚರವಾಗುತ್ತಾರೆ. ಹೇಳಿದವನ ಹತ್ತಿಯನ್ನೇ ವ್ಯಾಪಾರಿಗಳು ಮುಟ್ಟದಿದ್ದರೆ ಮುಂದಿನ ವರ್ಷ ಯಾರೂ ಬಾಯಿ ಬಿಡುವುದಿಲ್ಲ, ಹುಳು ಮಾತ್ರ ಹೊಲದಿಂದ ಹೊಲಕ್ಕೆ ಹೋಗುತ್ತಲೇ ಇರುತ್ತದೆ. ಮನುಷ್ಯರನ್ನು ಎತ್ತಿಗೆ ಹೋಲಿಸುವುದು ತಕ್ಕುದಲ್ಲ. ಆದರೂ ಸಂತೆಯಲ್ಲಿ ಎತ್ತು ಕೊಳ್ಳುವವನು ಹೋದ ವರ್ಷ ಇದಕ್ಕೆ ಬೇನೆ ಬಂದಿತ್ತೇ ಎಂದು ಕೇಳಿ ಅಷ್ಟಕ್ಕೇ ತಿರುಗಿ ಹೋಗುವುದಿಲ್ಲ. ನೊಗ ಹೂಡಿ ಎರಡು ಸುತ್ತು ನಡೆಸಿ ನೋಡುತ್ತಾನೆ. ಎತ್ತಿಗೆ ಸಿಗುವಷ್ಟು ನ್ಯಾಯವಾದರೂ ಓದಿದ ಮಗಳಿಗೆ ಸಿಗಬೇಡವೇ? ಕೇಳಬೇಕಾದ ಪ್ರಶ್ನೆ ನೀನು ಯಾವ ಗುಳಿಗೆ ನುಂಗಿದೆ ಎಂಬುದಲ್ಲ, ಈ ಕೆಲಸ ಮಾಡಬಲ್ಲೆಯಾ ಎಂಬುದು.

ಮಕ್ಕಳಿಗೂ ತಂದೆತಾಯಿಗಳಿಗೂ ಕೆಲವು ಸಲಹೆಗಳು

ಒಂದು: ನೌಕರಿಗಾಗಿ ಔಷಧ ನಿಲ್ಲಿಸಬೇಡಿ. ನಿಲ್ಲಿಸಬೇಕಾದರೆ ವೈದ್ಯರು ಹೇಳಿದಂತೆ ನಿಧಾನವಾಗಿ ನಿಲ್ಲಿಸಿ.

ಎರಡು: ಚಿಕಿತ್ಸೆ ಕೊಟ್ಟ ಮನೋವೈದ್ಯರಿಂದ, ಈ ವ್ಯಕ್ತಿ ದಾದಿಯ ಕೆಲಸ ಮಾಡಲು ಸಮರ್ಥಳೆಂಬ ಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಕಾಯಿಲೆಯ ಹೆಸರಿಗಿಂತ ಈಗಿನ ಸಾಮರ್ಥ್ಯದ ಮಾತು ಅದರಲ್ಲಿ ಇರಲಿ.

ಮೂರು: ಕೇಳದೇ ಇದ್ದುದನ್ನು ಸಂದರ್ಶನದಲ್ಲಿ ನೀವಾಗಿ ಹೇಳಬೇಕಾಗಿಲ್ಲ. ಆದರೆ ಸಹಿ ಹಾಕುವ ಕಾಗದದಲ್ಲಿ ಸುಳ್ಳು ಬರೆಯಬೇಡಿ. ಮುಂದೆ ಅದೇ ನೌಕರಿಗೆ ಕುತ್ತಾಗಬಹುದು. ಪ್ರಶ್ನೆ ಅನಗತ್ಯವೆಂದು ತೋರಿದರೆ, ಇದು ಈ ಕೆಲಸಕ್ಕೆ ಏಕೆ ಬೇಕು ಎಂದು ವಿನಯದಿಂದ ಕೇಳಿ.

ನಾಲ್ಕು: ರಾತ್ರಿ ಪಾಳಿಯಿಂದ ನಿದ್ದೆ ಕೆಟ್ಟರೆ ಬೈಪೋಲಾರ್ ಬೇನೆ ಕೆರಳುವುದುಂಟು. ಅಂಥವರು ಸ್ಥಿರವಾದ ಪಾಳಿ ಕೇಳುವುದು ಸೋಮಾರಿತನವಲ್ಲ. ಇಂಥ ಯುಕ್ತ ಹೊಂದಾಣಿಕೆಯನ್ನು ಕಾಯ್ದೆಯೇ ಗುರುತಿಸಿದೆ.

ಐದು: ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಜಾಹೀರಾತು, ಆಯ್ಕೆಯ ಸಂದೇಶ, ಫೋನು ಬಂದ ದಿನಾಂಕ ಎಲ್ಲವನ್ನೂ ಜೋಪಾನವಾಗಿಡಿ. ಸರ್ಕಾರಿ ಹುದ್ದೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೆ ದಾರಿ ತೋರಿಸುತ್ತಾರೆ.

ಆರು: ಮನಸ್ಸಿಗೆ ಭಾರವಾದಾಗ 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ತಂದೆತಾಯಿಗಳಿಗೆ ಬೇರೆಯಾಗಿ ಒಂದು ಮಾತು. ಮಗಳ ಗುಳಿಗೆಯ ಡಬ್ಬಿಯನ್ನು ನೆಂಟರು ಬಂದಾಗ ಅಡಗಿಸುವ ಮನೆ, ದವಾಖಾನೆಯವರಿಂದ ಧೈರ್ಯವನ್ನು ನಿರೀಕ್ಷಿಸುವುದು ಹೇಗೆ? ರಕ್ತದೊತ್ತಡದ ಗುಳಿಗೆ ಗೂಡಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತದೆ. ಇದೂ ಅದರ ಪಕ್ಕದಲ್ಲಿಯೇ ಇರಲಿ.

ದವಾಖಾನೆ ನಡೆಸುವವರಿಗೆ

ಕೊನೆಯದಾಗಿ, ದವಾಖಾನೆ ಮತ್ತು ನರ್ಸಿಂಗ್ ಶಾಲೆ ನಡೆಸುವವರಿಗೆ ನಮ್ಮ ಬಿನ್ನಹ. ಇದರಲ್ಲಿ ಸರ್ಕಾರ, ಖಾಸಗಿಯವರ ಜೊತೆಗೆ ನಮ್ಮ ಧರ್ಮಸಭೆಯ ಸಂಸ್ಥೆಗಳೂ ಸೇರಿವೆ. ವೈದ್ಯೆಯೂ ಧರ್ಮಭಗಿನಿಯೂ ಆಗಿದ್ದ ಮೇರಿ ಗ್ಲೌರಿಯವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಅದರ ಕೇಂದ್ರ ಕಚೇರಿ ಇರುವುದು ನಮಗೆ ಹತ್ತಿರದ ಸಿಕಂದರಾಬಾದಿನಲ್ಲಿಯೇ. ರೋಗಿಗಳಿಗಾಗಿಯೇ ಹುಟ್ಟಿದ ಸಂಸ್ಥೆಗಳಲ್ಲಿ ರೋಗದಿಂದ ಎದ್ದುಬಂದವರಿಗೆ ಜಾಗ ಇಲ್ಲವೆಂದರೆ ಅದು ಒಪ್ಪುವ ಮಾತಲ್ಲ. ಎಲ್ಲರೂ ತಮ್ಮ ಅರ್ಜಿಯ ನಮೂನೆಗಳನ್ನು ಒಮ್ಮೆ ತೆರೆದು ನೋಡಲಿ. ಹಿಂದಿನ ಮಾನಸಿಕ ಚಿಕಿತ್ಸೆಯ ಪ್ರಶ್ನೆ ಅದರಲ್ಲಿದ್ದರೆ ಏಕಿದೆ ಎಂದು ಕೇಳಿಕೊಳ್ಳಲಿ. ಆರೋಗ್ಯದ ವಿಚಾರಣೆ ಆಯ್ಕೆಯ ತೀರ್ಮಾನ ಆದ ಮೇಲೆ ನಡೆಯಲಿ. ಆ ಕಾಗದವನ್ನು ಆಡಳಿತದ ಮೇಜಿನ ಮೇಲೆ ಬಿಡದೆ ವೈದ್ಯರೊಬ್ಬರೇ ನೋಡಲಿ, ಸಮರ್ಥಳು ಇಲ್ಲವೆ ಇಂಥ ಹೊಂದಾಣಿಕೆ ಬೇಕು ಎಂಬಷ್ಟನ್ನೇ ಆಡಳಿತಕ್ಕೆ ತಿಳಿಸಲಿ. ಬೇಡವೆಂದರೆ ಕಾರಣವನ್ನು ಬರೆದು ಕೊಡಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರವೂ ಬೇಡ.

ಕತ್ತಲೆಯ ರಾತ್ರಿಗಳನ್ನು ಕಂಡು ಹೊರಬಂದ ದಾದಿಗೆ, ರಾತ್ರಿಯೆಲ್ಲ ಎಚ್ಚರವಾಗಿ ನರಳುವವರ ಸಂಕಟ ಬೇಗ ತಿಳಿಯುತ್ತದೆ. ಅಂಥವಳನ್ನು ಕಳೆದುಕೊಂಡ ವಾರ್ಡು ಬಡವಾಗುತ್ತದೆ. ನಮ್ಮ ಧರ್ಮಕೇಂದ್ರದ ಯಾವ ಮಗಳಿಗಾದರೂ ಇಂಥ ಅನುಭವವಾಗಿದ್ದರೆ ಸಂಕೋಚವಿಲ್ಲದೆ ಬಂದು ಹೇಳಲಿ. ಹೆಸರು ಹೊರಗೆ ಹೋಗುವುದಿಲ್ಲ. ಕಾಗದ ಬರೆಯುವುದಕ್ಕೂ ವಕೀಲರ ಹತ್ತಿರ ಕರೆದೊಯ್ಯುವುದಕ್ಕೂ ನಾವು ಜೊತೆಗಿದ್ದೇವೆ.